ಬೋಪಣ್ಣನ ಹೆಪ್ಪು

ಮಾರುತಿ ವ್ಯಾನು ನನ್ನ ಸ್ಕೂಟರಿಗೆ ಹಿಂದಿನಿಂದ ಗುದ್ದಿತು.

ನಾಗಪುರದ ಹಿಂಗಣಾ ರಸ್ತೆ. ಮಟಮಟ ಮಧ್ಯಾಹ್ನ. ಎಡಕ್ಕೆ ಚರಂಡಿ, ಬಲಕ್ಕೆ ಲಾರಿ... ಕಾಲುಗಳ ನಡುವೆ ಒಂದು ಸ್ಟೀಲ್ ಡಬ್ಬಿ.

ಚರಂಡಿಯನ್ನು ಆರಿಸಿಕೊಂಡೆ. ಡಬ್ಬಿಯನ್ನು ಎದೆಗವಚಿಕೊಂಡೇ ಬಿದ್ದೆ. ಪ್ರಾಣ ಹನುಮಪ್ಪನದು ಸ್ವಾಮಿ, ಡಬ್ಬಿ ಗಿರಾಕಿಯದು.

ಸಾಮಾನು ಮುಟ್ಟಿಸುವುದು ನನ್ನ ಕಸುಬು. ಗಿರಾಕಿ ಅಂದರೆ ಬೋಪಣ್ಣ. ಕೊಡಗಿನವರು. ನಾವು ಉಪ್ಪಿನಕಾಯಿ ಹಾಕಿದ ಹಾಗೆ ಅವರ ಮನೆಗಳಲ್ಲಿ ವೈನ್ ಹಾಕುತ್ತಾರೆ. ಊರಿನ ಕಿತ್ತಳೆ ಗಿಡಗಳಿಗೆ ರೋಗ ಬಿದ್ದಾಗ ಉಳಿದವರು ಕಾಫಿ ನೆಚ್ಚಿಕೊಂಡರು. ಇವರು ಕಿತ್ತಳೆಯನ್ನೇ ಹುಡುಕಿಕೊಂಡು ನಾಗಪುರಕ್ಕೆ ಬಂದರು. ಜೊತೆಗೆ ತಂದದ್ದು ಅವರವ್ವನ ವೈನ್ ಭರಣಿಯ ತಳದ ಗಸಿ. ಜೀವ ಇರುವ ಗಸಿ. ಅದಕ್ಕೆ ಸಕ್ಕರೆ ಉಣಿಸಿ ಮಗುವಿನ ಹಾಗೆ ಸಾಕುತ್ತಾರೆ. ಅದು ಬಿದ್ದರೇ ರಸ ವೈನಾಗುವುದು. ಪುಸ್ತಕ ಓದಿದವರು ಯೀಸ್ಟ್ ಅನ್ನುತ್ತಾರೆ.

ಬೋಪಣ್ಣ ಹೆಪ್ಪು ಅನ್ನುತ್ತಾರೆ.

ಹಿಂಗಣಾದ ಅವರ ಶೆಡ್ಡಿಗೆ ಕರೆಂಟು ನೆಂಟನ ಹಾಗೆ ಬಂದು ಹೋಗುತ್ತದೆ. ಹಾಗಾಗಿ ಹೆಪ್ಪನ್ನು ಧರಮಪೇಠದ ವನಜಾಕ್ಷಮ್ಮನ ಫ್ರಿಜ್ಜಿನಲ್ಲಿ ಇಟ್ಟಿದ್ದರು. ಮೈಸೂರಿನವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಅವತ್ತು ಪೀಪಾಯಿಗಳ ತುಂಬ ಕಿತ್ತಳೆ ರಸ. ಸಂಜೆಯೊಳಗೆ ಹೆಪ್ಪು ಬೀಳದಿದ್ದರೆ ರಸ ಕೆಡುತ್ತದೆ, ಶೆಡ್ಡಿಗೆ ಬೀಗ ಬೀಳುತ್ತದೆ. ತಂದುಕೊಡು ವೇಣು ಅಂದಿದ್ದರು. ತರುತ್ತಿದ್ದೆ.

ವ್ಯಾನಿನಿಂದ ಇಳಿದವರು ಇಬ್ಬರು, ಎರಡು ಎಮ್ಮೆಗಳ ತೂಕ. ನನ್ನನ್ನೂ ಡಬ್ಬಿಯನ್ನೂ ಎತ್ತಿ ಒಳಗೆ ಹಾಕಿಕೊಂಡರು.

ಇಳಿಸಿದ್ದು ರಾಮದಾಸಪೇಠ್‌ನ ಒಂದು ಗೋಡೌನಿನಲ್ಲಿ. ಮಾಲೀಕ ಅಭಿಜಿತ್, ಮದ್ಯದ ವ್ಯಾಪಾರಿ. ಅವನೂ ಪೀಪಾಯಿ ತುಂಬ ಕಿತ್ತಳೆ ರಸ ತುಂಬಿಸಿ ಕಾಯುತ್ತಿದ್ದ. ಬೋಪಣ್ಣನ ರುಚಿ ಅವನಿಗೆ ಬೇಕಿತ್ತು. ಬೋಪಣ್ಣ ಬೇಕಿರಲಿಲ್ಲ.

"ಹೀಚ್ ಕಾ ಹೆಪ್ಪೂ?" ಅಂದ.

ಇದೇನಾ ಅಂತ. ಫ್ರಾನ್ಸಿನ ಯಾವುದೋ ಅರಮನೆಯ ಹೆಸರು ಹೇಳಿದ ಹಾಗಿತ್ತು. ಮರಾಠಿ ಬಾಯಿಗೆ ಈ ಕನ್ನಡ ಮಾತು ಕೊಟ್ಟವರು ಯಾರು? ಶೆಡ್ಡಿನಲ್ಲಿ ಬೋಪಣ್ಣ ನನಗೆ ಫೋನ್ ಮಾಡುವಾಗ ಪಕ್ಕದಲ್ಲಿದ್ದ ಕನ್ನಡದವನು ಒಬ್ಬನೇ. ಅವರ ಕೆಲಸದ ಆಳು ಮರಿಯಪ್ಪ. ಆಗಲಿ... ಅದು ಆಮೇಲಿನ ಲೆಕ್ಕ.

ಅಭಿಜಿತ್ ಉದ್ದ ಕಾಲಿನ ಗ್ಲಾಸಿಗೆ ಚೂರು ಸುರಿದ. ಬೆಳಕಿಗೆ ಹಿಡಿದ. ತಿರುಗಿಸಿದ. ಮೂಗು ತೂರಿಸಿ ಕಣ್ಣು ಮುಚ್ಚಿದ.

ವಾಸನೆ ನನಗೂ ಬಂತು.

ಮೊಸರು!

ವನಜಾಕ್ಷಮ್ಮನ ಬಾಗಿಲಲ್ಲಿ ನಿಂತು ನಾನು ಕೇಳಿದ್ದೇನು? ಬೋಪಣ್ಣ ಕಳಿಸಿದರು, ಹೆಪ್ಪು ಕೊಡಿ ಅಂತ. ಕನ್ನಡದ ಹೆಂಗಸು ಹೆಪ್ಪು ಕೇಳಿದವನಿಗೆ ಏನು ಕೊಟ್ಟಾಳು? ಗಿರಾಕಿಯ ಡಬ್ಬಿ ತೆಗೆದು ನೋಡುವ ಅಭ್ಯಾಸ ನನಗಿಲ್ಲ.

"ಮೊದಲು ಕಿತ್ತಳೆ ಹೂವು," ಅಂದ ಅಭಿಜಿತ್. "ಹಿಂದೆ ಹಳೇ ಓಕ್ ಮರ. ಕೊನೆಗೆ ತೆಳ್ಳಗೆ ಒಂದು ಹುಳಿ. ಬರೋಬರ್?"

"ಬರೋಬರ್ ಸಾಹೇಬ್," ಅಂದೆ. ಒಡೆದ ತುಟಿಯಲ್ಲಿ ನಗು ತಡೆಯುವುದು ಬಹಳ ನೋವಿನ ಕೆಲಸ.

ಅವನ ತಾಯಿ ದಿನಾ ಹಾಲಿಗೆ ಹಾಕುವ ವಿರ್ಜಣವೇ, ಮೊಸರಿನ ಹೆಪ್ಪೇ ಅದು. ಸ್ಟೀಲ್ ಡಬ್ಬಿಯಲ್ಲಿದ್ದರೆ ಅಡುಗೆಮನೆ, ಗ್ಲಾಸಿಗೆ ಬಿದ್ದರೆ ಫ್ರಾನ್ಸು.

ಕಾಲಿಗೆ ಬಿದ್ದೆ. ಮನೆತನದ ಹೆಪ್ಪು, ನಿಮ್ಮ ಪೀಪಾಯಿಗೆ ಮಾತ್ರ ಹಾಕಬೇಡಿ ಅಂತ ಗೋಗರೆದೆ. ನನ್ನ ಕಣ್ಣೆದುರಿಗೇ ಎಲ್ಲಾ ಸುರಿದ. ಖುಷಿಯಲ್ಲಿ ನನ್ನನ್ನು ಬಿಟ್ಟೂಬಿಟ್ಟ.

ಆಟೋ ಹಿಡಿದು ಧರಮಪೇಠಕ್ಕೆ ಹಾರಿದೆ. ಅಡುಗೆಮನೆಯಲ್ಲಿ ವನಜಾಕ್ಷಮ್ಮ, ಸಿಂಕಿನ ಮೇಲೆ ಬಾಗಿದ ಗಾಜಿನ ಬಾಟ್ಲಿ.

"ನೋಡಪ್ಪಾ, ನಿಮ್ಮ ಬೋಪಣ್ಣೋರ ಜ್ಯೂಸು ಕೆಟ್ಟು ನೊರೆ ಬಂದಿದೆ. ಚೆಲ್ಲಿ, ಬಾಟ್ಲಿ ತೊಳೆದು ಕೊಡೋಣ ಅಂತ..."

"ಅಮ್ಮಾ, ಕೈ ಅಲ್ಲಾಡಿಸಬೇಡಿ."

ಚಾಕು ಹಿಡಿದವರಿಗೂ ನಾನು ಅಷ್ಟು ಮೆತ್ತಗೆ ಹೇಳಿಲ್ಲ.

"ಹೆಪ್ಪು ಅಂದರೆ ಅದು."

"ಹಾಗಾದ್ರೆ ನೀನು ತಗೊಂಡು ಹೋಗಿದ್ದು?"

"ಅದೂ ಹೆಪ್ಪೇ."

ಅವರು ನನ್ನ ಹರಿದ ಅಂಗಿ ನೋಡಿದರು, ತುಟಿ ನೋಡಿದರು. "ಗಂಡಸರನ್ನ ಒಂದು ಪದಾರ್ಥ ತರೋಕೆ ಕಳಿಸಿದ್ರೆ ಹೀಗೇ," ಅಂದು ತುಟಿಗೆ ಅರಿಶಿನ ಒತ್ತಿದರು. ಏಟಿಗಿಂತ ಅದೇ ಜಾಸ್ತಿ ಉರಿಯಿತು.

ಹೊತ್ತು ಮುಳುಗುವಾಗ ಹೆಪ್ಪು ರಸಕ್ಕೆ ಬಿತ್ತು.

ಮರುದಿನ ಬೆಳಗ್ಗೆ ಬೋಪಣ್ಣ ಪೀಪಾಯಿಗೆ ಕಿವಿ ಇಟ್ಟು ನಿಂತಿದ್ದರು. ನಾನೂ ಇಟ್ಟೆ. ಒಳಗೆ ಗುಳುಗುಳು... ಯಾರೋ ಮೆಲ್ಲಗೆ ಜಪ ಮಾಡುವ ಹಾಗೆ.

"ಅವ್ವ ಮಾತಾಡ್ತಾ ಇದ್ದಾರೆ ವೇಣು," ಅಂದರು.

ತೀರ್ಥ ಬಿಟ್ಟು ಬೇರೆ ಮುಟ್ಟದವನು ನಾನು. ಆದರೂ ಕೈಮುಗಿದೆ.

ಆಗ ಮರಿಯಪ್ಪ ಬಂದ, ಏನೂ ಅರಿಯದ ಮುಖ ಹೊತ್ತು. ನಾನು ತೋಳೇರಿಸಿದೆ. ಬೇಡ ಅಂದರು ಬೋಪಣ್ಣ. ಪೊಲೀಸರಿಗೂ ಕೊಡಲಿಲ್ಲ.

ಹೆಪ್ಪು ಅಂದರೆ ಏನೆಂದು ಅಭಿಜಿತ್ ಸಾಹೇಬರಿಗೆ ಬಿಡಿಸಿ ಹೇಳಿ ಬಾ ಅಂತ ಮರಿಯಪ್ಪನನ್ನೇ ಕಳಿಸಿಕೊಟ್ಟೆವು.