ಒಂಬತ್ತನೆಯ ಹೆಸರು

ಗುರುವಾರ ಫ್ಯಾಕ್ಟರಿಯ ಟೆಸ್ಟಿಗೆ ಹೋಗುವವರ ಪಟ್ಟಿಯಲ್ಲಿ ಎಂಟು ಹೆಸರಿದ್ದವು. ಪದ್ಮಶ್ರೀ ಎರಡು ಸಲ ಓದಿದಳು. ಅವಳದಿರಲಿಲ್ಲ.

ಬರೆದವನು ಶಶಿಕುಮಾರ್, ಹೊಸೂರಿನ ಆ ಫ್ಯಾಕ್ಟರಿಯಲ್ಲಿ ಲೈನ್ ಲೀಡರ್. 2006ರ ಆ ವರ್ಷ ಗಡಿಯಾಚೆ ತಮಿಳು ಸೀಮೆಗೆ ಸೇರಿದ ಗುಮ್ಮಳಾಪುರದ ಹಾಲಿನ ಸೊಸೈಟಿ ಭಾನುವಾರ ಶೆಡ್ ಬಿಟ್ಟುಕೊಡುತ್ತಿತ್ತು, ಮಹಿಳಾ ಸಂಘದವರು ಮುದ್ದೆ-ಸಾರು ಮಾಡುತ್ತಿದ್ದರು, ಶಶಿ ಮತ್ತು ಅವನ ಜೊತೆಗಾರರು ವೈರ್ ಜೋಡಿಸುವ ಕೆಲಸ ಕಲಿಸುತ್ತಿದ್ದರು. ಕಲಿಯುವವರು ಸುತ್ತಲ ಹಳ್ಳಿಗಳ ಕನ್ನಡದ ಹುಡುಗ ಹುಡುಗಿಯರು. ಕಾಲು ಸ್ವಾಧೀನವಿಲ್ಲದವರು, ಕಿವಿ ಕೇಳದವರು, ತಮಿಳು ಪಾಠ ತಲೆಗೆ ಹತ್ತದೆ ಶಾಲೆ ಬಿಟ್ಟವರು. ಅವರನ್ನೆಲ್ಲ ಮನೆಮನೆ ತಿರುಗಿ ಕರೆತಂದವಳೇ ಪದ್ಮಶ್ರೀ, ಪೋಲಿಯೋ ಬಡಿದ ಬಲಗಾಲಿಗೆ ಕ್ಯಾಲಿಪರ್ ಬಿಗಿದುಕೊಂಡು. ಅಂಥವಳನ್ನೇ ಬಿಡುವುದೆಂದರೇನು?

"ನನ್ ಹೆಸ್ರೆಲ್ಲಿ?"

ಶಶಿ ತಲೆ ತಗ್ಗಿಸಿದ. ಅವಳು ಎದುರಿಗೆ ಕೂತಾಗಲೆಲ್ಲ ಕೆಂಪು ವೈರಿನ ಜಾಗಕ್ಕೆ ಹಸಿರು ಸಿಗಿಸುತ್ತಿದ್ದವನು ಅವನು. ಕಂಡೂ ಕಾಣದಂತೆ ಒಳಗೊಳಗೇ ನಗುತ್ತಿದ್ದವಳು ಅವಳು.

"ಕಂಪ್ನಿ ಬಸ್ಸು ತಳಿ ಊರ್ಗಂಟ ಅಷ್ಟೇ ಬರೋದು. ದಿನಾ ಅಲ್ಲೀಗಂಟ ಜೀಪಲ್ಲಿ ನೇತಾಡ್ಕೊಂಡು... ಕಾಲು ನೋಯ್ತದೆ ಅಂತ ಬಿಟ್ಟೆ."

"ನೋಯ್ತದೆ ಅಂತ ನಾನ್ ಹೇಳಿದ್ನಾ? ಇವ್ರನ್ನೆಲ್ಲ ಹುಡ್ಕಕ್ಕೆ ಸುತ್ತಿದ್ದು ಅದೇ ಜೀಪಲ್ಲಿ. ನನ್ನ ಕೇಳ್ದೆ ತೀರ್ಮಾನ ಮಾಡೋರು ನಮ್ಮನೇಲೇ ಬೇಕಾದಷ್ಟು ಜನ ಅವ್ರೆ."

ಇಷ್ಟಪಟ್ಟವನೇ ಹೀಗೆ ಮಾಡಿದನಲ್ಲ ಎಂದು ಅವಳ ಸಿಟ್ಟು ಇಮ್ಮಡಿಯಾಯಿತು. ಶಶಿ ಬರೆಯಲು ಪೆನ್ನು ತೆಗೆದ. ಅದನ್ನು ಕಿತ್ತುಕೊಂಡು ಒಂಬತ್ತನೆಯ ಹೆಸರನ್ನು ತಾನೇ ಬರೆದಳು.

ಗುರುವಾರ ಸೂಪರ್‌ವೈಸರ್ ತಮಿಳಿನಲ್ಲಿ ಹೇಳಿದ್ದನ್ನು ಜೊತೆಯವರಿಗೆ ಕನ್ನಡದಲ್ಲಿ, ಕಿವಿ ಕೇಳದ ಬಚ್ಚಪ್ಪನಿಗೆ ಕೈಸನ್ನೆಯಲ್ಲಿ ತಿಳಿಸುತ್ತಲೇ ಪದ್ಮಶ್ರೀ ತನಗೆ ಕೊಟ್ಟ ಬೋರ್ಡಿಗೆ ವೈರ್ ಜೋಡಿಸಿ ಮುಗಿಸಿದಳು. ಐವರು ಆಯ್ಕೆಯಾದರು, ಅವಳೂ ಒಬ್ಬಳು. ಉಳಿದ ನಾಲ್ವರನ್ನು ಮುಂದಿನ ಸಲ ದಾಟಿಸಿಯೇ ಸೈ ಎಂದು ಅಲ್ಲೇ ಹಟ ತೊಟ್ಟಳು.

ಗೇಟಿನ ಹತ್ತಿರ ಶಶಿ ಕಾದಿದ್ದ.

"ನಿಮ್ಮಪ್ಪನ್ನ ಕಾಣಾಣ ಅಂತ ನಿನ್ನೆ ನಿಮ್ಮೂರಿಗೆ ಹೊರಟಿದ್ದೆ. ಅರ್ಧ ದಾರೀಲಿ ಬುದ್ಧಿ ಬಂತು, ವಾಪಸ್ ಬಂದ್ಬುಟ್ಟೆ."

"ಏನಂತ ಬುದ್ಧಿ?"

"ಮೊದ್ಲು ನಿನ್ನ ಕೇಳ್ಬೇಕು ಅಂತ. ನನ್ನ ಮದ್ವೆ ಆಗ್ತೀಯಾ, ಪದ್ಮಾ?"

ಅವಳ ಕಣ್ಣು ತುಂಬಿತು. ಇಪ್ಪತ್ತಮೂರು ವರ್ಷದಲ್ಲಿ ಅವಳನ್ನು ಯಾರೂ ಏನನ್ನೂ ಹೀಗೆ ಕೇಳಿರಲಿಲ್ಲ. ಅಷ್ಟು ಬೇಗ ಆ ಗಳಿಗೆಯನ್ನು ಮುಗಿಸಿಬಿಡಲು ಮನಸ್ಸಾಗಲಿಲ್ಲ.

"ಇನ್ನೊಂದ್ಸಲ ಕೇಳಿ" ಎಂದಳು.

ಅವನು ಕೇಳಿದ.

"ಆಗ್ತೀನಿ" ಎಂದಳು, ಗೇಟಿನ ವಾಚ್‌ಮನ್‌ಗೂ ಕೇಳಿಸುವಷ್ಟು ಗಟ್ಟಿಯಾಗಿ.