ಪಡಸಾಲೆಯವರೆಗೆ ಬಂದ ನಾಡಿ

ಜಯದೇವಿಯ ತೋರುಬೆರಳು ಕ್ಲಿಪ್ಪಿನೊಳಗಿತ್ತು. ಪರದೆಯ ಮೇಲೆ ಮಾತ್ರ ಗೆರೆ ನೆಟ್ಟಗೆ ಮಲಗಿತ್ತು.

"ನಾಡಿನೇ ಇಲ್ಲ," ಎಂದ ಮುಕುಂದ. "ನೀವು ಹೋಗಿ ಭಾಳ ಹೊತ್ತಾಗ್ಯದ ಅನಸ್ತದ."

"ಸತ್ತವರ ಕೈ ಇಷ್ಟು ಬೆಚ್ಚಗ ಇರ್ತದೇನ್ರಿ? ಹಿಡದು ನೋಡ್ರಿ."

ಅವನು ಹಿಡಿದು ನೋಡಿದ. ಬಿಡುವುದು ತುಸು ತಡವಾಯಿತು. ಅವಳು ಕಣ್ಣೆತ್ತಲಿಲ್ಲ; ಕಿವಿ ಕೆಂಪೇರಿದ್ದನ್ನು ಅಡಗಿಸಲಿಕ್ಕೂ ಆಗಲಿಲ್ಲ. ಇಬ್ಬರ ನಡುವಿನ 'ರೀ' ಅದೇ ವಾರ ಉದುರಿಹೋಯಿತು.

ಎರಡು ಸಾವಿರದ ಆರನೆಯ ಇಸವಿ. ಕಲಬುರಗಿಯ ಇಂಜಿನಿಯರಿಂಗ್ ಕಾಲೇಜೊಂದರ ಲ್ಯಾಬು, ಕೊನೆಯ ವರ್ಷದ ಪ್ರಾಜೆಕ್ಟು. ಹರಾಜಿನಲ್ಲಿ ಸಿಕ್ಕ, ನಾಡಿ ಅಳೆಯುವ ಹಳೆಯ ಕಾರ್ಡೊಂದನ್ನು ಹೊಸ ಲಿನಕ್ಸ್ ಕಂಪ್ಯೂಟರಿಗೆ ಹೊಂದಿಸುವ ಡ್ರೈವರ್ ಪ್ರೋಗ್ರಾಮನ್ನು ಇಬ್ಬರೂ ಸೇರಿ ಬರೆಯಬೇಕಿತ್ತು.

ಆ ಕಾರ್ಡಿನ ಕೈ ಮೋಟು. ಮೆಮೊರಿಯ ಕೆಳಗಿನ ಓಣಿಗಳ ವಿಳಾಸವಷ್ಟೇ ಅದಕ್ಕೆ ಎಟುಕುತ್ತಿತ್ತು. ಇವರ ಪ್ರೋಗ್ರಾಮು ಓದುವ ಬಫರ್ ಎಂಬ ಜಾಗ ಇದ್ದದ್ದು ಮೇಲಿನ ಕೇರಿಯಲ್ಲಿ. ಇಂಥಲ್ಲಿ ಕಂಪ್ಯೂಟರನ್ನು ಒಳಗಿಂದ ನಡೆಸುವ ಕರ್ನೆಲ್ ಒಂದು ಉಪಾಯ ಮಾಡುತ್ತದೆ. ಕೆಳಗೆ ತಾತ್ಕಾಲಿಕ ಜಾಗವೊಂದನ್ನು ತೆಗೆದಿಟ್ಟು, ಅದರ ವಿಳಾಸವನ್ನು ಕಾರ್ಡಿಗೆ ಮ್ಯಾಪ್ ಮಾಡಿ ಕೊಡುತ್ತದೆ. ಕಾರ್ಡು ಇದೇ ಮನೆಯೆಂದು ನಂಬಿ ತಂದದ್ದನ್ನೆಲ್ಲ ಅಲ್ಲಿ ಸುರಿಯುತ್ತದೆ. ಆಮೇಲೆ ಅದನ್ನು ಮೇಲಕ್ಕೆ ಒಯ್ಯಬೇಕಾದದ್ದು ಕರ್ನೆಲ್ಲೇ.

ಮ್ಯಾಪ್ ಮಾಡುವ ಭಾಗ ಮುಕುಂದನದು, ಓದಿ ಗೆರೆ ಎಳೆಯುವ ಭಾಗ ಜಯದೇವಿಯದು. ಗೆರೆ ಏಳಲಿಲ್ಲವಾದ್ದರಿಂದ ಮೂರು ತಿಂಗಳು ಅವಳು ತನ್ನ ಭಾಗದಲ್ಲೇ ತಪ್ಪು ಹುಡುಕಿದಳು. ಹೊಲ ಗೇಯುವವರ ಮನೆಯ ಹೆಣ್ಣಿಗೆ ಮೊದಲು ತನ್ನನ್ನೇ ಝಾಡಿಸಿ ನೋಡಿಕೊಳ್ಳುವ ಪಾಠ ಯಾರೂ ಕಲಿಸದೆಯೂ ಬಂದಿರುತ್ತದೆ.

ಆ ನಡುವೆ ಮುಕುಂದ ಒಮ್ಮೆ ಅವಳ ಊರು ಕಮಲಾಪುರಕ್ಕೆ ಬಂದಿದ್ದ. ಜಯದೇವಿಯ ತಾಯಿ ಚಂದಮ್ಮ ಅವನನ್ನು ನೇರವಾಗಿ ಒಲೆಯ ಪಕ್ಕಕ್ಕೇ ಕರೆದು ಮಣೆ ಹಾಕಿದಳು, ಬಿಸಿ ರೊಟ್ಟಿ ತಟ್ಟಿದಳು. ಹೊಟ್ಟೆ ತುಂಬಿದೆ ಎಂದು ಅವನು ಕೈ ಮುಗಿದ. ತೋಟದ ಕೆಂಪು ಬಾಳೆಹಣ್ಣು ಮುಂದಿಟ್ಟರೆ ಆರು ತಿಂದ. ಹುಡುಗನಿಗೆ ಬಾಳೆಹಣ್ಣೆಂದರೆ ಜೀವ ಎಂದು ಚಂದಮ್ಮ ಓಣಿಗೆಲ್ಲ ಹೇಳಿಕೊಂಡು ನಕ್ಕಳು. ಜಯದೇವಿಯೂ ನಕ್ಕಳು. ಹೊಟ್ಟೆ ತುಂಬಿದವನು ಆರು ಹಣ್ಣು ಹೇಗೆ ತಿಂದ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಬೀದರಿನಿಂದ ಅವಳನ್ನು ನೋಡಲು ಬರುವವರ ಸುದ್ದಿ ಬಂದಾಗ ಅವಳು ನಗುವುದನ್ನು ನಿಲ್ಲಿಸಿದಳು.

"ಸೋಮವಾರ ಬರ್ತಾರ," ಎಂದಳು. "ಅದರ ಮೊದಲ ನಿಮ್ಮ ಮನ್ಯಾಗ ಹೇಳು. ಹೇಳಿದ್ರ ನಮ್ಮಪ್ಪಗ ನಾ ಹೇಳ್ಕೋತೀನಿ."

"ಶನಿವಾರ ಮನೀಗೆ ಬಾ. ಆಯಿ ನಿನ್ನ ನೋಡ್ಲಿ. ಅಲ್ಲೇ ಹೇಳಿಬಿಡ್ತೀನಿ, ನಿನ್ನ ಎದುರಿಗೇ." ಅವಳ ಮೂಗುತಿಯ ಮೇಲೆ ಟ್ಯೂಬ್‌ಲೈಟಿನ ಬೆಳಕು ನಿಂತಿತ್ತು. ಅವನು ಅದನ್ನೇ ನೋಡುತ್ತ ಹೇಳಿದ. ಅವಳು ನಂಬಿದಳು.

ಶನಿವಾರ ಚಂದಮ್ಮ ಕೊಟ್ಟ ಬಾಳೆಯ ಚಿಪ್ಪು ಹಿಡಿದು ಜಯದೇವಿ ಐವಾನ್-ಎ-ಶಾಹಿ ಬಡಾವಣೆಯ ಅವನ ಮನೆಯ ಮೆಟ್ಟಿಲೇರಿದಳು. ಮುಕುಂದನ ತಾಯಿ ಸರಸ್ವತೀಬಾಯಿ ನಗುಮೊಗದಿಂದಲೇ ಬಂದರು. ಪಡಸಾಲೆಯ ಕುರ್ಚಿ ತೋರಿಸಿ, "ಕೂಡವಾ," ಎಂದರು. ಹಣ್ಣಿನ ಮೇಲೆ ನೀರು ಚಿಮುಕಿಸಿ ಒಳಗೆ ಒಯ್ದರು. ಮಗ ಹಿಂದೆಯೇ ಹೋದ. ಅವಳಿಗೆ ಕಿಟಕಿಯ ಮೂಲೆಯಲ್ಲಿ ಬೇರೆಯಾಗಿಟ್ಟಿದ್ದ ಗಾಜಿನ ಲೋಟದಲ್ಲಿ ಚಹಾ ಬಂತು.

ಚಹಾ ಚೆನ್ನಾಗಿತ್ತು. ಈ ಊರಿನ ಪಡಸಾಲೆಗಳು ಎಷ್ಟೋ ಬಂಡಾಯಗಳಿಗೆ ಹೀಗೆ ಚೆನ್ನಾಗಿಯೇ ಚಹಾ ಕುಡಿಸಿ ವಾಪಸ್ ಕಳಿಸಿವೆ.

ಒಳಗೆ ತಾಯಿ ಮಗನ ಮಾತು ಅವರ ಮನೆಮಾತಾದ ಮರಾಠಿಯಲ್ಲಿ ನಡೆದಿತ್ತು. ಕಮಲಾಪುರದ ಹುಡುಗಿಗೆ ಅದು ತಿಳಿಯುವುದಿಲ್ಲವೆಂದು ಅವರಿಗೆ ಧೈರ್ಯ. ಸೊಲ್ಲಾಪುರದ ವ್ಯಾಪಾರಿಗಳ ಜೊತೆ ಬಾಳೆಗೊನೆಗೆ ಚೌಕಾಸಿ ಮಾಡಿ ಬೆಳೆದವಳಿಗೆ ಒಂದಕ್ಷರವೂ ತಪ್ಪಲಿಲ್ಲ.

ಹಣ್ಣು ದೇವರಿಗೆ ನಡೆಯುತ್ತದೆ, ಸಿಪ್ಪೆ ಇದ್ದದ್ದಕ್ಕೆ ಮೈಲಿಗೆಯಿಲ್ಲ ಎಂದರು ತಾಯಿ. ಆಮೇಲೆ, ಹುಡುಗಿ ಯಾರು ಎಂದು ಕೇಳಿದರು.

ಜಯದೇವಿ ಲೋಟವನ್ನು ತುಟಿಯ ಹತ್ತಿರವೇ ಹಿಡಿದು ಕಾದಳು.

ಯಾರೂ ಅಲ್ಲ ಆಯಿ ಎಂದ ಮುಕುಂದ. ಕಾಲೇಜಿನ ಕೆಲಸಕ್ಕೆ ಬಂದಿದ್ದಾಳೆ.

ಅವಳು ಲೋಟವನ್ನು ತಾನೇ ತೊಳೆದು ಕಿಟಕಿಯಲ್ಲಿ ಬೋರಲಿಟ್ಟಳು. ನೇರ ಲ್ಯಾಬಿಗೆ ನಡೆದಳು. ದಾರಿಯಲ್ಲಿ ಅಳಬೇಕೆಂದುಕೊಂಡಿದ್ದಳು, ಅಳುವಿನ ಬದಲು ಮೂರು ತಿಂಗಳ ತಪ್ಪು ತನ್ನದಲ್ಲದಿರಬಹುದು ಎಂದು ಹೊಳೆಯಿತು. ಮೊದಲ ಬಾರಿಗೆ ಮುಕುಂದನ ಭಾಗ ತೆರೆದು ಓದಿದಳು. ಕೆಳಗೆ ಬಂದದ್ದನ್ನು ಇನ್ನು ಮೇಲಕ್ಕೆ ಒಯ್ಯಿ ಎಂದು ಕರ್ನೆಲ್ಲಿಗೆ ಹೇಳುವ ಸಾಲನ್ನು ಅವನು ಬರೆದೇ ಇರಲಿಲ್ಲ. ಅವಳ ನಾಡಿ ಇಷ್ಟು ದಿನವೂ ಬಂದಿತ್ತು, ಪಡಸಾಲೆಯವರೆಗೆ. ಪ್ರೋಗ್ರಾಮು ಮಾತ್ರ ಮೇಲಿನ ಖಾಲಿ ಜಾಗವನ್ನು ಓದಿ ಸೊನ್ನೆ ಎನ್ನುತ್ತಿತ್ತು.

ಸಾಲು ಬರೆದಳು. ಬೆರಳಿಟ್ಟಳು. ಗೆರೆ ಎದ್ದಿತು, ಬಿದ್ದಿತು, ಮತ್ತೆ ಎದ್ದಿತು.

ಓಡಿ ಬಂದ ಮುಕುಂದ ಬಾಗಿಲಲ್ಲೇ ನಿಂತ. "ಬಂತಲ್ಲ ಜಯಾ. ಹೆಂಗ ಬಂತು?"

"ಒಂದೇ ಸಾಲು ಕಡಿಮಿ ಇತ್ತು. ನಾ ಬರದೀನಿ." ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನಿಮ್ಮ ಮನ್ಯಾಗ ಹೇಳೂದೂ ಒಂದೇ ಸಾಲಿತ್ತು. ಅದನ್ನ ನಾ ಬರೀಲಾಕ ಬರಂಗಿಲ್ಲ."

"ಇನ್ನೊಂದು ಸ್ವಲ್ಪ ದಿನ ತಡಿ. ಅಕ್ಕನ ಲಗ್ನ ಮುಗೀಲಿ."

"ನಮ್ಮವ್ವನ ರೊಟ್ಟಿ ಯಾಕ ತಿನ್ನಲಿಲ್ಲ, ಖರೇ ಹೇಳು."

ಪರದೆಯ ಮೇಲೆ ಅವಳ ಎದೆ ಹೊಡೆದುಕೊಳ್ಳುವುದನ್ನು ಇಬ್ಬರೂ ನೋಡಿದರು. ಅವನ ಕೈ ಅವಳ ಹೆಗಲಿನ ಹತ್ತಿರ ಬಂದು ಗಾಳಿಯಲ್ಲೇ ನಿಂತಿತು. ಅವಳು ಆ ಕೈಯನ್ನು ಹಿಡಿದು ಒಮ್ಮೆ ಕೆನ್ನೆಗೆ ಒತ್ತಿಕೊಂಡಳು, ಬಿಟ್ಟಳು. ಕ್ಲಿಪ್ಪಿನಿಂದ ಬೆರಳು ತೆಗೆದಳು. ಗೆರೆ ಮಲಗಿತು.

ಕಮಲಾಪುರದಲ್ಲಿ ಚಂದಮ್ಮ ಸೋಮವಾರದವರಿಗಾಗಿ ಜಮಖಾನ ಕೊಡವುತ್ತಿದ್ದಳು. ಮಗಳನ್ನು ಕಂಡು, ಹುಡುಗ ಹಣ್ಣು ತಿಂದನೇ ಎಂದು ಕೇಳಿದಳು.

ಜಯದೇವಿ ಜಮಖಾನದ ಇನ್ನೊಂದು ತುದಿ ಹಿಡಿದಳು.

"ಅವರ ದೇವರೂ ತಿಂತಾನವ್ವ," ಎಂದಳು. "ಸಿಪ್ಪಿ ಅಷ್ಟ ವಾಪಸ್ ಬಂದದ, ನಿನ್ನ ಮುಂದ ನಿಂತದ."