ಟಕ್ ಅಂದರೆ ಕತ್ತಲು

ಮಧ್ಯಾಹ್ನ ಎರಡು ಗಂಟೆ. ಲಿವಾಯ್‌ಳ ಹೊಸ ಕಂಪ್ಯೂಟರ್ ಆಟದ ನಡುವೆ ಮತ್ತೆ ಆರಿಹೋಯಿತು.

ಮೊದಲು ಎಲ್ಲೋ ಸಣ್ಣಗೆ 'ಟಕ್'. ಆಮೇಲೆ ಕಪ್ಪು ಸ್ಕ್ರೀನ್. ಆ ಕಪ್ಪಿನಲ್ಲಿ ಕಂಡದ್ದು ಬೆವರಿದ ತನ್ನದೇ ಮುಖ.

ನಾಲ್ಕಕ್ಕೆ ಮನಿಲಾದ ಕಂಪ್ಯೂಟರ್ ಆಟದ ತಂಡವೊಂದರ ಆಯ್ಕೆ ಪಂದ್ಯ. ಅವರವರ ಮನೆಯಿಂದಲೇ ಆಡಬೇಕು. ನಡುವೆ ಸಂಪರ್ಕ ಕಡಿದವರು ಹೊರಗೆ. ಮನಿಲಾ ಪಕ್ಕದ ಮರಿಕಿನಾದ ಈ ಓಣಿಯಲ್ಲಿ ಅಮ್ಮನ ಜೊತೆ ವರ್ಷಗಟ್ಟಲೆ ಚಪ್ಪಲಿ ಹೊಲಿದು ಕೂಡಿಟ್ಟ ಹಣದಲ್ಲಿ ಕೊಂಡ ಕಂಪ್ಯೂಟರ್ ಅದು.

ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಅದನ್ನು ಜೋಡಿಸಿಕೊಟ್ಟವನು ಕಂಪ್ಯೂಟರ್ ಅಂಗಡಿಯ ಡೆಲ್ಫಿನ್. ಬಿಡಿಭಾಗ ಆರಿಸುವ ನೆಪದಲ್ಲಿ ಅವಳು ಅವನ ಅಂಗಡಿಯಲ್ಲಿ ಎಷ್ಟು ಸಂಜೆ ಕೂತಿದ್ದಳೋ...

"ಒಳಗೆ ಹಳೇ ಗ್ರಾಫಿಕ್ಸ್ ಕಾರ್ಡ್ ತುರುಕಿರ್ತಾನೆ ನೋಡು," ಎಂದು ಚಿಕ್ಕಮ್ಮನ ಮಗಳು ಟೆಸ್ಸಿ ಬೆಳಿಗ್ಗೆ ಅಂದಿದ್ದಳು. ಆಗಿನಿಂದ ಲಿವಾಯ್‌ಳ ತಲೆಯಲ್ಲಿ ಅದೇ ಮಾತು.

'ಅವನು ಮೋಸಗಾರನಾದರೆ ಕಂಪ್ಯೂಟರ್ ಹಾಳಾಗಲಿ... ಇಷ್ಟು ದಿನ ನಾನು ನಂಬಿದ್ದು ಏನನ್ನು?'

ಫೋನು ಮಾಡಿದ ಸ್ವಲ್ಪ ಹೊತ್ತಿಗೆ ಡೆಲ್ಫಿನ್ ಹೆಲ್ಮೆಟ್ ಹಿಡಿದು ಬಾಗಿಲಲ್ಲಿ ನಿಂತ. ಅವಳು ಊಟವಾಯಿತೇ ಎಂದು ಕೇಳಲಿಲ್ಲ.

"ಕುಯಾ, ನಿಜ ಹೇಳಿ. ಆ ಕಾರ್ಡ್ ಹಳೇದಾ?"

ಅಂಗಡಿಯವರನ್ನು ಎಲ್ಲರೂ ಕರೆಯುವಂತೆ ಅವಳೂ ಅವನನ್ನು ಕುಯಾ, ಅಂದರೆ ಅಣ್ಣ ಎಂದೇ ಕರೆಯುತ್ತಿದ್ದಳು.

ಅವನ ಮುಖ ಬಿಳಿಚಿತು. "ನಿನ್ನ ಕಣ್ಣೆದುರಿಗೇ ಅಲ್ವಾ ಡಬ್ಬಿ ಬಿಚ್ಚಿದ್ದು?"

"ಡಬ್ಬಿ ಹೊಸದಾದ್ರೆ ಒಳಗಿರೋದೂ ಹೊಸದಾ? ನನಗೇನು ಗೊತ್ತಾಗುತ್ತೆ?"

ಅವನು ಮಂಡಿಯೂರಿ ಕೂತು ಕಂಪ್ಯೂಟರಿನ ಪಕ್ಕದ ಮುಚ್ಚಳ ತೆಗೆದ. ಮೆಮೊರಿ ಪಟ್ಟಿಗಳನ್ನು ಒಂದೊಂದಾಗಿ ಕಿತ್ತು ಹಾಕಿ ನೋಡಿದ. ಶಾಖ ಸರಿಯಾಗಿತ್ತು. ಸುಮ್ಮನೆ ಬಿಟ್ಟರೆ ಚೆನ್ನಾಗಿಯೇ ಓಡುತ್ತಿತ್ತು. ಆಟ ಹಾಕಿದ ಕೂಡಲೇ 'ಟಕ್'... ಕತ್ತಲು.

ಗಂಟೆ ಮೂರು ದಾಟಿತು.

"ಅಂಗಡೀಲಿ ಎರಡು ದಿನ ಬಿಡದೆ ಓಡಿಸಿದ್ದೆ. ಒಂದ್ಸಲಾನೂ ಆರಲಿಲ್ಲ." ಅವನ ದನಿ ನಡುಗಿತು.

'ಇವನಿಗೂ ಭಯ...' ಎಂದುಕೊಂಡಳು ಅವಳು.

"ಮತ್ತೆ ಆಟ ಹಾಕು. ಮಾತಾಡಬೇಡ," ಎಂದು ಅವನು ನೆಲಕ್ಕೆ ಕಿವಿಯಿಟ್ಟು ಮಲಗಿದ.

ಟಕ್.

ಸದ್ದು ಕಂಪ್ಯೂಟರಿನದಾಗಿರಲಿಲ್ಲ. ಅವನು ಮೂಲೆಯ ಪರದೆ ಸರಿಸಿದ. ಬಾಲಯೇಸುವಿನ ಪೀಠದ ಕೆಳಗೆ ಹಳೆಯ ಕಬ್ಬಿಣದ ಸ್ಟೆಬಿಲೈಜರ್ ಇತ್ತು, ಕಂಪ್ಯೂಟರಿನ ವೈರು ಅದಕ್ಕೇ ಹೋಗಿತ್ತು. ಮುಟ್ಟಿದವನು ಬಿಸಿಗೆ ಕೈ ಹಿಂದಕ್ಕೆಳೆದುಕೊಂಡ. ಅದಕ್ಕೆ ತಾಗಿದ್ದ ಪರದೆಯ ಅಂಚು ಸುಟ್ಟು ಕಂದಿತ್ತು.

ಹೋದ ಬೇಸಿಗೆಯಲ್ಲಿ ಹಿಂದಿನ ಓಣಿ ಹೊತ್ತಿಕೊಂಡದ್ದು ಒಂದು ಪ್ಲಗ್ಗಿನಿಂದಲೇ. ಇಲ್ಲಿಯೂ ಪ್ಲೈವುಡ್ ಗೋಡೆಗಳೇ.

ಹೊಲಿಗೆಯಂತ್ರ ನಿಲ್ಲಿಸಿ ಅವಳ ತಾಯಿ ಸಬೆಲ್ ಎದ್ದು ಬಂದಳು. "ಅದನ್ನ ಮುಟ್ಟಬೇಡ ಮಗಾ. ನಮ್ಮೆಜಮಾನ್ರು ಇಟ್ಟಿದ್ದು."

ಹೋಗಿದ್ದ ಕರೆಂಟು ಒಮ್ಮೆ ನುಗ್ಗಿ ಬಂದು ಟಿವಿ ಸುಟ್ಟಿತ್ತು. ಅಂದಿನಿಂದ ಲಿವಾಯ್‌ಳ ಅಪ್ಪ ಸಾಯುವವರೆಗೂ ಯಾವುದನ್ನೂ ನೇರ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಲು ಬಿಟ್ಟಿರಲಿಲ್ಲ. ಓಣಿಯ ಮನೆಮನೆಯಲ್ಲೂ ಅಂಥ ಡಬ್ಬಿ, ಅದೇ ಕಟ್ಟಳೆ.

"ಟಿವಿಗೆ ಇದು ಒಳ್ಳೇ ಕಾವಲುಗಾರ, ಅಮ್ಮಾ," ಎಂದ ಡೆಲ್ಫಿನ್. "ಈ ಭಾರ ಹೊರೋ ಶಕ್ತಿ ಇಲ್ಲ, ಅಷ್ಟೇ. ಆಟ ಶುರುವಾದ್ರೆ ಕಂಪ್ಯೂಟರ್ ಜಾಸ್ತಿ ಕರೆಂಟ್ ಎಳೆಯುತ್ತೆ. ವೋಲ್ಟೇಜ್ ಕುಸಿಯುತ್ತೆ. ಸರಿಮಾಡೋಕೆ ಡಬ್ಬಿ ಟಕ್ ಅನ್ನುತ್ತೆ. ಆ ಚೂರು ಹೊತ್ತಲ್ಲೇ ಇದು ಆರುತ್ತೆ."

ಅವನು ಚೀಲದಿಂದ ಪ್ಲಗ್ ಬೋರ್ಡೊಂದನ್ನು ತೆಗೆದ. "ಕರೆಂಟ್ ನುಗ್ಗಿ ಬಂದ್ರೆ ಇದು ತಡೆಯುತ್ತೆ."

ಸಬೆಲ್ ಕಂದಿದ ಅಂಚನ್ನೇ ನೋಡಿದಳು. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, ಪ್ಲಗ್ಗನ್ನು ತಾನೇ ಕಿತ್ತಳು. ಬಿಸಿ ಆರಿದ ಮೇಲೆ ಡಬ್ಬಿಯನ್ನು ಲಂಗದಿಂದ ಒರೆಸಿ ಗಂಡನ ಫೋಟೋದ ಪಕ್ಕ ಇಟ್ಟಳು.

ಕಂಪ್ಯೂಟರನ್ನು ಹೊಸ ಬೋರ್ಡಿಗೆ ಸಿಕ್ಕಿಸಿ, ಮುಚ್ಚಳಕ್ಕೆ ಸ್ಕ್ರೂ ಹಾಕುತ್ತ ಡೆಲ್ಫಿನ್ ಮೆಲ್ಲಗೆ ಹೇಳಿದ: "ಮನೆಗೇ ಬಂದು ಜೋಡಿಸ್ತೀನಿ ಅಂದಿದ್ದೆ. ನೀನೇ ಬೇಡ ಅಂದೆ. ಬಂದಿದ್ರೆ ಈ ಡಬ್ಬಿ ಅವತ್ತೇ ಕಾಣ್ತಿತ್ತು."

"ಹೆದರಿಕೆ ಆಯ್ತು."

"ನನ್ನ ಕಂಡ್ರೆ?"

"ಅಮ್ಮನ ಕಂಡ್ರೆ. ನೀವಿದ್ದಾಗ ನನ್ನ ಮುಖ ನೋಡಿದ್ರೆ ಅಮ್ಮನಿಗೆ ಗೊತ್ತಾಗಿಬಿಡುತ್ತೆ ಅಂತ..."

"ಗೊತ್ತಾಯ್ತು," ಎಂದಳು ಅಡುಗೆಮೂಲೆಯಿಂದ ಸಬೆಲ್. "ಈಗ ಅವನಿಗೆ ಊಟ ಹಾಕ್ಲಾ, ಇಲ್ಲ ಇಬ್ಬರೂ ನೆಲ ನೋಡ್ತಾನೇ ಹೊಟ್ಟೆ ತುಂಬಿಸ್ಕೋತೀರಾ?"

ಡೆಲ್ಫಿನ್‌ನ ಕೈಯಿಂದ ಸ್ಕ್ರೂ ಜಾರಿತು.

"ನಿಮ್ಮನ್ನ ಕಳ್ಳ ಅಂದ್ಕೊಂಡೆ, ಕುಯಾ..." ಅವಳ ಕಣ್ಣು ತುಂಬಿತ್ತು.

"ಅದನ್ನಾದ್ರೂ ತಡ್ಕೋಬಹುದು. ಕುಯಾ ಅಂತೀಯಲ್ಲ, ಅದೇ ಕಷ್ಟ."

ನಾಲ್ಕಕ್ಕೆ ಇನ್ನು ಕೆಲವೇ ನಿಮಿಷ. ಲಿವಾಯ್‌ಳ ಕಿವಿ ಈಗಲೂ ಆ ಸದ್ದಿಗೇ ಕಾಯುತ್ತಿತ್ತು. ಬೆರಳುಗಳು ತಣ್ಣಗಿದ್ದವು.

"ಡೆಲ್ಫಿನ್."

"ಹೇಳು."

"ಹೋಗಬೇಡ. ಕುರ್ಚಿ ಹಿಂದೇನೇ ಇರು."

"ಇಲ್ಲೇ ಇದೀನಿ."

ನಾಲ್ಕಕ್ಕೆ ಪಂದ್ಯ ಶುರುವಾಯಿತು. ಸ್ಕ್ರೀನ್ ಒಮ್ಮೆಯೂ ಆರಲಿಲ್ಲ. ಲಿವಾಯ್ ಮೀಸಲು ಆಟಗಾರ್ತಿಯಾಗಿ ಆಯ್ಕೆಯಾದಳು. ಡೆಲ್ಫಿನ್‌ನ ಊಟ ತಟ್ಟೆಯಲ್ಲೇ ತಣ್ಣಗಾಗಿತ್ತು. ಸಬೆಲ್ ಅದನ್ನು ಮತ್ತೆ ಬಿಸಿ ಮಾಡಿದಳು.